ಒಡಲೊಳಗಿನ ರಕ್ತಸ್ರಾವ ಮತ್ತು ಅರಿವಳಿಕೆಯ ಹೊಣೆ

ಆಷಾಢದ ಮಳೆ ಹಿಡಿದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟಗಳಲ್ಲಿ ಕೊಳೆರೋಗದ ಚಿಂತೆ ಆರಂಭವಾಗುತ್ತದೆ. ಮಳೆ ಸ್ವಲ್ಪ ಹೊಳವಾದ ಹೊತ್ತನ್ನು ನೋಡಿಕೊಂಡು ಬೋರ್ಡೋ ದ್ರಾವಣ ಹೊಡೆಯಲು ಕೊನೆಗಾರರು ಮರ ಏರುತ್ತಾರೆ. ಹಾವಸೆ ಕಟ್ಟಿದ ಕಾಂಡ, ಗಾಳಿಗೆ ಬಾಗುವ ತಲೆ, ಒಂದು ಮರದಿಂದ ಇನ್ನೊಂದಕ್ಕೆ ಜೀಕಿಕೊಂಡು ಹೋಗುವ ಅಭ್ಯಾಸ ಇವೆಲ್ಲ ಸೇರಿ ಆ ಕಾಯಕವನ್ನು ನಮ್ಮ ನಾಡಿನ ಅತ್ಯಂತ ಅಪಾಯದ ದುಡಿಮೆಗಳಲ್ಲಿ ಒಂದನ್ನಾಗಿ ಮಾಡಿವೆ. ಫೈಬರ್ ದೋಟಿಗಳು ಬಂದ ಮೇಲೆ ಮರ ಏರುವುದು ಕೆಲವೆಡೆ ಕಡಿಮೆಯಾಗಿದೆ, ಆದರೆ ನಿಂತಿಲ್ಲ. ಇದರ ಜೊತೆಗೆ ಘಾಟಿಯ ತಿರುವುಗಳಲ್ಲಿ, ಮಂಜು ಮುಸುಕಿದ ರಸ್ತೆಗಳಲ್ಲಿ ನಡೆಯುವ ವಾಹನಾಪಘಾತಗಳಿವೆ.

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಮೂವತ್ತೈದರ ಹರೆಯದ ವ್ಯಕ್ತಿಯೊಬ್ಬರು ಮರದಿಂದ ಬಿದ್ದಿದ್ದಾರೆ. ಮೈಮೇಲೆ ತರಚು ಗಾಯ ಬಿಟ್ಟರೆ ಬೇರೇನೂ ಕಾಣುವುದಿಲ್ಲ, ಒಂದು ಹನಿ ರಕ್ತವೂ ಹೊರಗೆ ಬಂದಿಲ್ಲ. ಮಾತನಾಡುತ್ತಾರೆ, ನೀರು ಕೇಳುತ್ತಾರೆ. "ದೇವರು ದೊಡ್ಡವನು, ಏನೂ ಆಗಿಲ್ಲ" ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಒಂದು ಗಂಟೆಯ ನಂತರ ಅವರ ಮುಖ ಬಿಳುಚುತ್ತದೆ, ಅಂಗೈ ತಣ್ಣಗಾಗುತ್ತದೆ, ಮಾತು ತಡವರಿಸುತ್ತದೆ. ಎಡಪಕ್ಕೆಯ ಅಡಿಯಲ್ಲಿರುವ ಗುಲ್ಮವು ಸೀಳಿ ರಕ್ತವು ಹೊಟ್ಟೆಯೊಳಗೇ ಸೋರುತ್ತಿದ್ದುದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಇಂಥ ಗಾಯಾಳುವನ್ನು ಉಳಿಸುವುದು ಶಸ್ತ್ರಚಿಕಿತ್ಸಕರ ಕೈಚಳಕವೊಂದರಿಂದಲೇ ಆಗುವ ಕೆಲಸವಲ್ಲ. ಶಸ್ತ್ರಕ್ರಿಯೆಯ ಮೇಜಿನ ತಲೆಯ ಬದಿಯಲ್ಲಿ ನಿಂತಿರುವ ಅರಿವಳಿಕೆ ತಜ್ಞರ ನಿರ್ಧಾರಗಳ ಮೇಲೂ ಅದು ಅಷ್ಟೇ ಅವಲಂಬಿಸಿದೆ. ಅರಿವಳಿಕೆಯೆಂದರೆ ನಿದ್ದೆಯ ಚುಚ್ಚುಮದ್ದು ಎಂದಷ್ಟೇ ಜನಸಾಮಾನ್ಯರು ಭಾವಿಸುವುದುಂಟು. ತೀವ್ರ ರಕ್ತಸ್ರಾವದ ರೋಗಿಯಲ್ಲಿ ಆ ನಿದ್ದೆಯೇ ಪ್ರಾಣಕ್ಕೆ ಎರವಾಗಬಲ್ಲದು ಎಂಬುದನ್ನು ತಿಳಿದರೆ, ಆಸ್ಪತ್ರೆಯ ಬಾಗಿಲಲ್ಲಿ ಕಾಯುವ ಬಂಧುಗಳ ಅನೇಕ ಪ್ರಶ್ನೆಗಳಿಗೆ ಉತ್ತರ ದೊರಕೀತು.

ಹೊರಗೆ ಕಾಣದ ಸೋರಿಕೆ

ಪ್ರೌಢ ವ್ಯಕ್ತಿಯೊಬ್ಬನ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಪೆಟ್ಟು ಬಿದ್ದಾಗ ಅದು ಹೊರಗೆ ಹರಿಯದೆ ಒಳಗೆ ಸಂಗ್ರಹವಾಗಬಲ್ಲ ಸ್ಥಳಗಳು ಮುಖ್ಯವಾಗಿ ಐದು: ಎದೆಗೂಡು, ಹೊಟ್ಟೆ, ಹೊಟ್ಟೆಯ ಹಿಂಬದಿಯ ಮೂತ್ರಪಿಂಡಗಳ ಸುತ್ತಲಿನ ಭಾಗ, ಸೊಂಟದ ಮೂಳೆಗಳ ಬಟ್ಟಲು ಮತ್ತು ತೊಡೆ. ಒಂದು ತೊಡೆಮೂಳೆ ಮುರಿದರೇ 1ರಿಂದ 1.5 ಲೀಟರ್ ರಕ್ತವು ಮಾಂಸಖಂಡಗಳ ನಡುವೆ ಸೋರಬಹುದು. ಹೊಟ್ಟೆಯೊಳಗಂತೂ ದೇಹದ ಬಹುಪಾಲು ರಕ್ತ ಸೇರಿಕೊಳ್ಳುವಷ್ಟು ಅವಕಾಶವಿದೆ. ಗುಲ್ಮ ಮತ್ತು ಯಕೃತ್ತು ರಕ್ತ ತುಂಬಿದ ಮೆತ್ತನೆಯ ಅಂಗಗಳಾದುದರಿಂದ ಬಿದ್ದ ಪೆಟ್ಟಿಗೆ ಸುಲಭವಾಗಿ ಸೀಳುತ್ತವೆ.

ದೇಹವು ಈ ನಷ್ಟವನ್ನು ಮೊದಮೊದಲು ಚೆನ್ನಾಗಿ ಮರೆಮಾಚುತ್ತದೆ. ನೂರಕ್ಕೆ 15ರಷ್ಟು, ಎಂದರೆ ಮುಕ್ಕಾಲು ಲೀಟರ್‌ವರೆಗೆ ರಕ್ತ ಹೋದರೂ ಹೆಚ್ಚಿನ ಲಕ್ಷಣ ಕಾಣದು. ನಷ್ಟವು 15ರಿಂದ 30ರಷ್ಟಾದಾಗ ನಾಡಿಬಡಿತ ನಿಮಿಷಕ್ಕೆ 100 ದಾಟುತ್ತದೆ, ಚರ್ಮ ತಣ್ಣಗಾಗುತ್ತದೆ, ಆದರೆ ರಕ್ತದೊತ್ತಡ ಇನ್ನೂ ಸರಿಯಾಗಿಯೇ ತೋರಬಹುದು. 30 ಮೀರಿದ ಮೇಲೆ ಒತ್ತಡ ಕುಸಿಯುತ್ತದೆ, ರೋಗಿ ಗಾಬರಿಗೊಳ್ಳುತ್ತಾನೆ, ಮಾತು ಅಸಂಬದ್ಧವಾಗುತ್ತದೆ. 40 ದಾಟಿದರೆ, ಎಂದರೆ 2 ಲೀಟರಿಗಿಂತ ಹೆಚ್ಚು ರಕ್ತ ಹೋದರೆ, ಉಳಿದಿರುವುದು ನಿಮಿಷಗಳ ಲೆಕ್ಕ.

ಇದರ ಅರ್ಥವಿಷ್ಟು. "ಬಿ.ಪಿ. ಸರಿ ಇದೆ" ಎಂಬ ಮಾತು ಬಿದ್ದ ರೋಗಿಯಲ್ಲಿ ಅಭಯದ ಮಾತಲ್ಲ. ಬಿದ್ದ ತಕ್ಷಣ ಮಾಡಿದ ಹಿಮೋಗ್ಲೋಬಿನ್ ಪರೀಕ್ಷೆಯೂ ಮೋಸ ಮಾಡಬಹುದು. ರಕ್ತವು ಇದ್ದ ಹಾಗೆಯೇ ಸೋರಿ ಹೋಗುತ್ತಿರುವಾಗ ಉಳಿದ ರಕ್ತದ ಸಾಂದ್ರತೆ ಬದಲಾಗಲು ಹೊತ್ತು ಹಿಡಿಯುತ್ತದೆ. ಆದುದರಿಂದ ವೈದ್ಯರು ನಾಡಿ, ಉಸಿರು, ಅಂಗೈಯ ಬಿಸಿ, ಮೂತ್ರದ ಪ್ರಮಾಣ, ರೋಗಿಯ ಮಾತಿನ ಸ್ಪಷ್ಟತೆ ಇವನ್ನೆಲ್ಲ ಮತ್ತೆ ಮತ್ತೆ ನೋಡುತ್ತಾರೆ. ಅಲ್ಟ್ರಾಸೌಂಡ್ ಯಂತ್ರವನ್ನು ಹೊಟ್ಟೆ ಮತ್ತು ಎದೆಯ ನಾಲ್ಕಾರು ಕಡೆ ಇಟ್ಟು ದ್ರವ ಸಂಗ್ರಹವಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಎಡಪಕ್ಕೆಗೆ ಪೆಟ್ಟು ಬಿದ್ದವರು ಭುಜಕ್ಕೆ ಏಟಾಗದಿದ್ದರೂ ಎಡಭುಜದ ತುದಿ ನೋಯುತ್ತದೆ ಎಂದರೆ, ಗುಲ್ಮದ ರಕ್ತವು ವಪೆಯನ್ನು ಕೆರಳಿಸುತ್ತಿದೆಯೆಂಬ ಸೂಚನೆ ಅದಾಗಿರಬಹುದು.

ನಿದ್ದೆಯೇ ಅಪಾಯವಾಗುವ ಬಗೆ

ರಕ್ತ ಕಳೆದುಕೊಂಡ ದೇಹವು ತನ್ನೆಲ್ಲ ಬಲವನ್ನು ಒಟ್ಟುಗೂಡಿಸಿ ಹೋರಾಡುತ್ತಿರುತ್ತದೆ. ಅಡ್ರಿನಲಿನ್ ಉಕ್ಕುತ್ತದೆ, ಕೈಕಾಲುಗಳ ರಕ್ತನಾಳಗಳು ಬಿಗಿದುಕೊಂಡು ಇರುವ ಅಲ್ಪ ರಕ್ತವನ್ನು ಮಿದುಳಿಗೂ ಹೃದಯಕ್ಕೂ ಕಳುಹಿಸುತ್ತವೆ. ತೋಟಕ್ಕೆ ಬರುವ ನೀರು ಕಡಿಮೆಯಾದಾಗ ಕೆಳಗಿನ ಕಪ್ಪುಗಳನ್ನೆಲ್ಲ ಕಟ್ಟಿ, ಮುಖ್ಯವಾದ ಒಂದೆರಡು ಸಾಲಿಗೆ ಮಾತ್ರ ನೀರು ಹಾಯಿಸುವ ಕೃಷಿಕನ ಉಪಾಯವೇ ಇದು.

ಸಾಮಾನ್ಯ ಅರಿವಳಿಕೆ ಔಷಧಗಳು ಈ ಕಟ್ಟೆಗಳನ್ನೆಲ್ಲ ಒಮ್ಮೆಗೇ ಒಡೆದುಬಿಡುತ್ತವೆ. ರಕ್ತನಾಳಗಳು ಸಡಿಲಗೊಳ್ಳುತ್ತವೆ, ಹೃದಯದ ಬಡಿತದ ಬಿರುಸು ತಗ್ಗುತ್ತದೆ. ಆರೋಗ್ಯವಂತನಲ್ಲಿ ಇದು ಲೆಕ್ಕಕ್ಕೆ ಬಾರದ ಬದಲಾವಣೆ. ಎರಡು ಲೀಟರ್ ರಕ್ತ ಕಳೆದುಕೊಂಡವನಲ್ಲಿ ಹೃದಯ ಸ್ತಂಭನಕ್ಕೆ ಅಷ್ಟೇ ಸಾಕು. ಇನ್ನೊಂದು ಅಂಶವೂ ಇದೆ. ದೇಹದಲ್ಲಿ ಹರಿಯುವ ರಕ್ತ ಕಡಿಮೆಯಿದ್ದು, ಅದರಲ್ಲಿ ಹೆಚ್ಚಿನ ಪಾಲು ಮಿದುಳು–ಹೃದಯಗಳಿಗೇ ಹೋಗುತ್ತಿರುವುದರಿಂದ, ಕೊಟ್ಟ ಔಷಧವೂ ಅಲ್ಲಿಗೇ ಹೆಚ್ಚಾಗಿ ತಲುಪುತ್ತದೆ. ಎಂದಿನ ಪ್ರಮಾಣವು ಇಲ್ಲಿ ಅತಿಪ್ರಮಾಣವಾಗುತ್ತದೆ.

ವೈದ್ಯಲೋಕ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿಯಿತು. 1846ರ ಅಕ್ಟೋಬರ್ 16ರಂದು ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಈಥರ್ ಅರಿವಳಿಕೆಯನ್ನು ಬಹಿರಂಗವಾಗಿ ತೋರಿಸಿದ ನಂತರ ಶಸ್ತ್ರಚಿಕಿತ್ಸೆಯ ಸ್ವರೂಪವೇ ಬದಲಾಯಿತು. ಆದರೆ 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆದಾಗ, ರಕ್ತ ಕಳೆದುಕೊಂಡಿದ್ದ ಸೈನಿಕರಿಗೆ ಥಯೊಪೆಂಟೋನ್ ಎಂಬ, ಆಗಿನ ಕಾಲಕ್ಕೆ ಹೊಸದಾದ ನಿದ್ರೌಷಧವನ್ನು ನೀಡಿದುದರಿಂದ ಸಾವುಗಳು ಸಂಭವಿಸಿದವೆಂಬ ವರದಿ ಪ್ರಕಟವಾಯಿತು. ಆ ಸಾವುಗಳ ಸಂಖ್ಯೆಯನ್ನು ಉತ್ಪ್ರೇಕ್ಷಿಸಲಾಗಿತ್ತೆಂದು ಮುಂದೆ ದಾಖಲೆಗಳನ್ನು ಪರಿಶೀಲಿಸಿದವರು ತೋರಿಸಿಕೊಟ್ಟರು. ಪಾಠವಂತೂ ಉಳಿಯಿತು: ಔಷಧ ಒಳ್ಳೆಯದೋ ಕೆಟ್ಟದೋ ಎಂಬುದಕ್ಕಿಂತ, ಯಾವ ದೇಹಸ್ಥಿತಿಯಲ್ಲಿ ಎಷ್ಟು ಕೊಡಲಾಯಿತೆಂಬುದೇ ಮುಖ್ಯ.

ಇಂದು ಇಂಥ ರೋಗಿಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಔಷಧ ಕೆಟಮಿನ್. ಅಮೆರಿಕದ ಕ್ಯಾಲ್ವಿನ್ ಸ್ಟೀವನ್ಸ್ 1962ರಲ್ಲಿ ಸಂಶ್ಲೇಷಿಸಿದ ಈ ಔಷಧವನ್ನು 1964ರಲ್ಲಿ ಮೊದಲ ಬಾರಿಗೆ ಮನುಷ್ಯರಲ್ಲಿ ಪ್ರಯೋಗಿಸಲಾಯಿತು. ಇತರ ನಿದ್ರೌಷಧಗಳಂತೆ ಅದು ರಕ್ತದೊತ್ತಡವನ್ನು ಸುಲಭವಾಗಿ ಇಳಿಸುವುದಿಲ್ಲ, ನೋವನ್ನೂ ಶಮನಗೊಳಿಸುತ್ತದೆ, ಬೆಲೆಯೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ 1985ರಿಂದಲೂ ಅದಕ್ಕೆ ಸ್ಥಾನವಿದೆ. ಹಾಗಿದ್ದರೂ, ಹೋರಾಡಿ ಹೋರಾಡಿ ದಣಿದ ಹೃದಯವನ್ನು ಕೆಟಮಿನ್ ಕೂಡ ಕುಗ್ಗಿಸಬಲ್ಲದು. ಆದುದರಿಂದ ಅದನ್ನೂ ಕಡಿಮೆ ಪ್ರಮಾಣದಲ್ಲಿ, ಅಳೆದು ಕೊಡಬೇಕಾಗುತ್ತದೆ.

"ಬೆನ್ನಿಗೇ ಚುಚ್ಚಿ ಮಾಡಬಾರದೇ?" ಎಂದು ಕೆಲವರು ಕೇಳುತ್ತಾರೆ. ಹೆರಿಗೆಯ ಶಸ್ತ್ರಕ್ರಿಯೆಗೆ, ಹರ್ನಿಯಾಕ್ಕೆ ಬೆನ್ನುಹುರಿಯ ಅರಿವಳಿಕೆ ಸುರಕ್ಷಿತವಾದುದನ್ನು ಅವರು ಕಂಡಿರುತ್ತಾರೆ. ಆದರೆ ಆ ಚುಚ್ಚುಮದ್ದು ಸೊಂಟದ ಕೆಳಗಿನ ರಕ್ತನಾಳಗಳನ್ನೆಲ್ಲ ಏಕಕಾಲಕ್ಕೆ ಹಿಗ್ಗಿಸುತ್ತದೆ. ಒಳರಕ್ತಸ್ರಾವದ ರೋಗಿಯಲ್ಲಿ ಅದು ಸಲ್ಲದು.

ಮೇಜಿನ ಮೇಲಿನ ಮೊದಲ ಕ್ಷಣಗಳು

ಯೋಜಿತ ಶಸ್ತ್ರಕ್ರಿಯೆಯಲ್ಲಿ ರೋಗಿಗೆ ಮೊದಲು ಅರಿವಳಿಕೆ ಕೊಟ್ಟು, ಆಮೇಲೆ ಹೊಟ್ಟೆಯನ್ನು ಔಷಧದಿಂದ ಶುಚಿಗೊಳಿಸಿ ಬಟ್ಟೆ ಹೊದಿಸುತ್ತಾರೆ. ತೀವ್ರ ರಕ್ತಸ್ರಾವದ ರೋಗಿಯಲ್ಲಿ ಈ ಕ್ರಮ ತಿರುವುಮುರುವಾಗುತ್ತದೆ. ರೋಗಿ ಎಚ್ಚರವಿರುವಾಗಲೇ ಹೊಟ್ಟೆಯನ್ನು ಶುಚಿಗೊಳಿಸಿ, ಬಟ್ಟೆ ಹೊದಿಸಿ, ಶಸ್ತ್ರಚಿಕಿತ್ಸಕರು ಕೈಗವಸು ತೊಟ್ಟು ಸಿದ್ಧರಾಗಿ ನಿಂತ ಮೇಲೆಯೇ ಅರಿವಳಿಕೆ ಆರಂಭವಾಗುತ್ತದೆ.

ಅದಕ್ಕೆ ಕಾರಣವಿದೆ. ಹೊಟ್ಟೆಯೊಳಗೆ ರಕ್ತ ತುಂಬಿದಂತೆ ಅದರ ಒತ್ತಡವೇ ಸೋರುವ ಜಾಗವನ್ನು ಒಂದಿಷ್ಟು ಒತ್ತಿಹಿಡಿದಿರುತ್ತದೆ. ಬಿಗಿದುಕೊಂಡ ಹೊಟ್ಟೆಯ ಸ್ನಾಯುಗಳೂ ಅದಕ್ಕೆ ನೆರವಾಗುತ್ತವೆ. ಸ್ನಾಯುಗಳನ್ನು ಸಡಿಲಿಸುವ ಔಷಧ ಕೊಟ್ಟಾಗ ಆ ಒತ್ತಡ ತಗ್ಗುತ್ತದೆ. ಹೊಟ್ಟೆ ತೆರೆದಾಗ ಪೂರ್ತಿಯಾಗಿ ಹೋಗುತ್ತದೆ. ಆ ಕ್ಷಣದಲ್ಲಿ ರಕ್ತದೊತ್ತಡ ಇದ್ದಕ್ಕಿದ್ದಂತೆ ಪಾತಾಳಕ್ಕಿಳಿಯಬಹುದು. ನಿದ್ದೆಗೂ ಸೋರಿಕೆಯನ್ನು ಹಿಡಿದು ನಿಲ್ಲಿಸುವುದಕ್ಕೂ ನಡುವೆ ಒಂದು ನಿಮಿಷವೂ ವ್ಯರ್ಥವಾಗಬಾರದು.

ಇಂಥ ರೋಗಿಯ ಹೊಟ್ಟೆ ಖಾಲಿಯಿರುವುದಿಲ್ಲ ಎಂಬುದು ಇನ್ನೊಂದು ತೊಡಕು. ಪೆಟ್ಟು, ನೋವು, ಭಯ ಇವುಗಳಿಂದ ಜಠರದ ಚಲನೆ ನಿಂತುಹೋಗಿ, ಬೆಳಿಗ್ಗೆ ತಿಂದ ಕಡುಬು ಸಂಜೆಯವರೆಗೂ ಅಲ್ಲೇ ಇರುತ್ತದೆ. ಪ್ರಜ್ಞೆ ತಪ್ಪುವಾಗ ಅದು ಮೇಲಕ್ಕೆ ಬಂದು ಶ್ವಾಸಕೋಶ ಸೇರಿದರೆ ಪ್ರಾಣಾಪಾಯ. ಆದುದರಿಂದ ಕೆಲವು ನಿಮಿಷ ಶುದ್ಧ ಆಮ್ಲಜನಕವನ್ನು ಉಸಿರಾಡಿಸಿ, ನಿದ್ರೌಷಧವನ್ನೂ ಸ್ನಾಯು ಸಡಿಲಿಸುವ ಔಷಧವನ್ನೂ ಒಂದರ ಬೆನ್ನಿಗೆ ಒಂದರಂತೆ ಕೊಟ್ಟು, ಒಂದು ನಿಮಿಷದೊಳಗೆ ಶ್ವಾಸನಾಳಕ್ಕೆ ಕೊಳವೆ ಇಳಿಸುವ ಕ್ರಮವನ್ನು ಅನುಸರಿಸುತ್ತಾರೆ. ಯಂತ್ರದ ಮೂಲಕ ಉಸಿರಾಟ ಕೊಡುವಾಗಲೂ ಎಚ್ಚರ ಬೇಕು. ಎದೆಯೊಳಗೆ ಒತ್ತಡ ಹೆಚ್ಚಿದರೆ ಹೃದಯಕ್ಕೆ ಹಿಂದಿರುಗುವ ರಕ್ತವೇ ಕಡಿಮೆಯಾಗುತ್ತದೆ.

ಬಿದ್ದವರಿಗೆ ನೀರು, ಕಾಫಿ, ಕಷಾಯ ಕುಡಿಸಬಾರದೆಂದು ವೈದ್ಯರು ಹೇಳುವುದು ಈ ಕಾರಣಕ್ಕಾಗಿ. ಬಾಯಾರಿಕೆಯು ರಕ್ತಸ್ರಾವದ ಲಕ್ಷಣ. ತುಟಿ ಒದ್ದೆ ಮಾಡಿದರೆ ಸಾಕು. ನೀರು ಕುಡಿಸುವ ಕರುಣೆ ಇಲ್ಲಿ ಕರುಣೆಯಾಗದು.

ರಕ್ತ, ಬಿಸುಪು ಮತ್ತು ಮೂರು ಗಂಟೆ

ಹಿಂದೆ ಒತ್ತಡ ಕುಸಿದ ರೋಗಿಗೆ ಸಲೈನ್ ಬಾಟಲಿಗಳನ್ನು ಒಂದರ ಮೇಲೊಂದರಂತೆ ಹರಿಸುವ ವಾಡಿಕೆಯಿತ್ತು. ಈಗ ಅದನ್ನು ಮಿತಗೊಳಿಸಲಾಗಿದೆ. ಉಪ್ಪುನೀರು ಆಮ್ಲಜನಕವನ್ನು ಒಯ್ಯುವುದಿಲ್ಲ, ರಕ್ತವನ್ನು ಹೆಪ್ಪುಗಟ್ಟಿಸುವುದೂ ಇಲ್ಲ. ಹೆಚ್ಚಾದರೆ ರಕ್ತವನ್ನು ತೆಳುವಾಗಿಸುತ್ತದೆ, ಮೈಯನ್ನು ತಣ್ಣಗಾಗಿಸುತ್ತದೆ, ಒತ್ತಡವನ್ನು ಏರಿಸಿ ಆಗತಾನೇ ಕಟ್ಟಿಕೊಂಡ ಹೆಪ್ಪನ್ನು ಕಿತ್ತುಹಾಕುತ್ತದೆ. ಆದುದರಿಂದ ಸೋರಿಕೆ ನಿಲ್ಲುವವರೆಗೆ ಮೇಲಿನ ರಕ್ತದೊತ್ತಡವನ್ನು 80ರಿಂದ 90ರ ಆಸುಪಾಸಿನಲ್ಲಿ ಇರಿಸಿಕೊಳ್ಳುವುದು ಈಗಿನ ಕ್ರಮ. ತಲೆಗೆ ಪೆಟ್ಟಾದವರಿಗೆ ಮಾತ್ರ ಇದು ಹೊಂದದು. ಗಾಯಗೊಂಡ ಮಿದುಳಿಗೆ ಕಡಿಮೆ ಒತ್ತಡ ಸಹಿಸಲಾಗದು. ಮರದಿಂದ ಬಿದ್ದವರಲ್ಲಿ ತಲೆ ಮತ್ತು ಹೊಟ್ಟೆ ಎರಡಕ್ಕೂ ಏಟಾಗುವುದುಂಟು. ಆಗ ಎರಡು ವಿರುದ್ಧ ಬೇಡಿಕೆಗಳ ನಡುವೆ ಅರಿವಳಿಕೆ ತಜ್ಞರು ದಾರಿ ಹುಡುಕಬೇಕಾಗುತ್ತದೆ.

ಹೋದದ್ದು ರಕ್ತವಾದುದರಿಂದ ತುಂಬಬೇಕಾದುದೂ ರಕ್ತವೇ. ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಈ ಮೂರನ್ನೂ ಸಮತೋಲದಲ್ಲಿ ಕೊಡಬೇಕು. ಸಂಗ್ರಹಿಸಿದ ರಕ್ತದಲ್ಲಿ ಹೆಪ್ಪುಗಟ್ಟದಂತೆ ಸೇರಿಸಿದ ಸಿಟ್ರೇಟ್ ರೋಗಿಯ ಕ್ಯಾಲ್ಸಿಯಂ ಅನ್ನು ತಗ್ಗಿಸುವುದರಿಂದ, ಹೆಚ್ಚು ರಕ್ತ ಕೊಟ್ಟಾಗ ಕ್ಯಾಲ್ಸಿಯಂ ಕೂಡ ಕೊಡಬೇಕಾಗುತ್ತದೆ.

ಮಲೆನಾಡಿನವರು ವಿಶೇಷವಾಗಿ ನೆನಪಿಡಬೇಕಾದ ಸಂಗತಿ ಮೈಯ ಬಿಸುಪು. ದೇಹದ ತಾಪ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ಹೆಪ್ಪುಗಟ್ಟದಿದ್ದರೆ ಇನ್ನಷ್ಟು ರಕ್ತ ಹೋಗುತ್ತದೆ. ರಕ್ತ ಹೋದಂತೆ ಜೀವಕೋಶಗಳಿಗೆ ಆಮ್ಲಜನಕ ಸಾಲದೆ ರಕ್ತದಲ್ಲಿ ಆಮ್ಲ ಹೆಚ್ಚುತ್ತದೆ. ಆಮ್ಲ ಹೆಚ್ಚಿದಂತೆ ಹೆಪ್ಪುಗಟ್ಟುವಿಕೆ ಮತ್ತಷ್ಟು ಕೆಡುತ್ತದೆ. ಶೈತ್ಯ, ಆಮ್ಲತೆ, ಹೆಪ್ಪುಗಟ್ಟದಿರುವಿಕೆ ಈ ಮೂರೂ ಒಂದನ್ನೊಂದು ಬೆಳೆಸುತ್ತ ಹೋಗುವ ಚಕ್ರವನ್ನು ವೈದ್ಯರು ಮಾರಕ ತ್ರಿಕೂಟವೆಂದು ಕರೆಯುತ್ತಾರೆ. ಆಗುಂಬೆ, ಹುಲಿಕಲ್‌ಗಳ ಸೀಮೆಯಲ್ಲಿ ಮಳೆಗೆ ತೊಯ್ದು, ಒದ್ದೆ ಬಟ್ಟೆಯಲ್ಲೇ ತೋಟದ ಬುಡದಲ್ಲಿ ಅರ್ಧ ಗಂಟೆ ಬಿದ್ದಿರುವ ವ್ಯಕ್ತಿಯಲ್ಲಿ ಈ ಚಕ್ರವು ಆಸ್ಪತ್ರೆ ಸೇರುವ ಮೊದಲೇ ತಿರುಗತೊಡಗಿರುತ್ತದೆ. ಒದ್ದೆ ಬಟ್ಟೆ ತೆಗೆದು ಒಣ ಕಂಬಳಿ ಹೊದಿಸುವುದು ಸಣ್ಣ ಉಪಚಾರವೆಂದು ತೋರಬಹುದು. ಶಸ್ತ್ರಕ್ರಿಯೆಯ ಕೊಠಡಿಯಲ್ಲಿ ಬಿಸಿಗಾಳಿಯ ಹೊದಿಕೆ, ರಕ್ತ ಬೆಚ್ಚಗೆ ಮಾಡುವ ಯಂತ್ರ ಇವುಗಳಿಂದ ತಜ್ಞರು ಮಾಡುವ ಕೆಲಸದ ಮೊದಲ ಹೆಜ್ಜೆ ಅದೇ.

ಇನ್ನೊಂದು ಔಷಧದ ಕಥೆಯನ್ನು ಇಲ್ಲಿ ಹೇಳಲೇಬೇಕು. ಜಪಾನಿನ ಉಟಾಕೊ ಒಕಾಮೊಟೊ ಎಂಬ ವೈದ್ಯವಿಜ್ಞಾನಿ ಮತ್ತು ಅವರ ಪತಿ ಶೋಸುಕೆ 1962ರಲ್ಲಿ ಟ್ರಾನೆಕ್ಸಾಮಿಕ್ ಆಮ್ಲವನ್ನು ಲೋಕಕ್ಕೆ ಪರಿಚಯಿಸಿದರು. ಕಟ್ಟಿಕೊಂಡ ಹೆಪ್ಪು ಕರಗದಂತೆ ಕಾಯುವುದು ಅದರ ಕೆಲಸ. ಹಲವು ದಶಕ ಅದರ ಬಳಕೆ ಸೀಮಿತವಾಗಿಯೇ ಇತ್ತು. ಭಾರತವೂ ಪಾಲ್ಗೊಂಡ, 40 ದೇಶಗಳ 274 ಆಸ್ಪತ್ರೆಗಳಲ್ಲಿ 20,211 ಗಾಯಾಳುಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲಿ ನೂರಕ್ಕೆ 14.5 ಮಂದಿ, ಪಡೆಯದವರಲ್ಲಿ 16 ಮಂದಿ ಸಾವಿಗೀಡಾಗಿದ್ದರು. ವ್ಯತ್ಯಾಸ ಸಣ್ಣದೆನಿಸಬಹುದು. ಸಾವಿರ ಗಾಯಾಳುಗಳಲ್ಲಿ ಹದಿನೈದು ಜೀವಗಳ ಲೆಕ್ಕವದು, ಅದೂ ಅಗ್ಗದ ಔಷಧವೊಂದರಿಂದ. ಆದರೆ ಒಂದು ನಿಬಂಧನೆಯಿದೆ. ಗಾಯವಾದ ಮೂರು ಗಂಟೆಯೊಳಗೆ, ಸಾಧ್ಯವಾದರೆ ಮೊದಲ ಗಂಟೆಯಲ್ಲೇ ಕೊಡಬೇಕು. ಮೂರು ಗಂಟೆ ಮೀರಿದ ಮೇಲೆ ಕೊಟ್ಟರೆ ಉಪಯೋಗವಿಲ್ಲದಿರುವುದು ಮಾತ್ರವಲ್ಲ, ಹಾನಿಯಾಗುವ ಸಂಭವವೂ ಇದೆ.

ನಮ್ಮ ದಾರಿಗಳ ಲೆಕ್ಕ

ಈ ಮೂರು ಗಂಟೆಯನ್ನು ನಮ್ಮ ತಾಲೂಕುಗಳ ನಕ್ಷೆಯ ಮೇಲಿಟ್ಟು ನೋಡಬೇಕು. ಸಾಗರದಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 70 ಕಿಲೋಮೀಟರ್, ತೀರ್ಥಹಳ್ಳಿಯಿಂದ ಸುಮಾರು 60. ಹೊಸನಗರದ ದೂರವೂ ಹೆಚ್ಚುಕಡಿಮೆ ಇಷ್ಟೇ. ಮಣಿಪಾಲಕ್ಕೆ ಹೋಗುವುದಾದರೆ ತೀರ್ಥಹಳ್ಳಿಯವರು ಆಗುಂಬೆ ಘಾಟಿಯನ್ನೂ, ಹೊಸನಗರದವರು ಹುಲಿಕಲ್ ಘಾಟಿಯನ್ನೂ ಇಳಿಯಬೇಕು. ಇವು ಪಟ್ಟಣದಿಂದ ಪಟ್ಟಣಕ್ಕಿರುವ ದೂರಗಳು. ತೋಟದಿಂದ ಡಾಂಬರು ರಸ್ತೆಗೆ, ಅಲ್ಲಿಂದ ತಾಲೂಕು ಕೇಂದ್ರಕ್ಕೆ ಬರುವ ಹೊತ್ತು ಬೇರೆ.

ಶರಾವತಿ ಹಿನ್ನೀರಿನ ಆಚೆಯ ಕರೂರು ಸೀಮೆಯವರಿಗೆ ಈ ಲೆಕ್ಕದ ಅರ್ಥವನ್ನು ವಿವರಿಸಬೇಕಾಗಿಲ್ಲ. ಲಿಂಗನಮಕ್ಕಿ ಜಲಾಶಯ ತುಂಬಿದ 1960ರ ದಶಕದಿಂದ ತುಮರಿ ಸುತ್ತಲಿನ ಜನರು ಸಾಗರಕ್ಕೆ ಬರಲು ಲಾಂಚನ್ನೇ ನಂಬಿದ್ದರು. ಸಂಜೆ ಅದು ನಿಂತ ಮೇಲೆ ಗಾಯಾಳುವಾಗಲಿ ಗರ್ಭಿಣಿಯಾಗಲಿ ಸುತ್ತುದಾರಿ ಹಿಡಿಯಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದುದು ಸಿಗಂದೂರಿನ ಯಾತ್ರಿಕರಿಗೆ ಅನುಕೂಲವಾದಷ್ಟೇ, ರಾತ್ರಿಯಲ್ಲಿ ರಕ್ತ ಸೋರುವ ಒಬ್ಬ ರೋಗಿಗೂ ಆಯಿತು.

ಹೀಗಿರುವಾಗ ಹತ್ತಿರದ ತಾಲೂಕು ಆಸ್ಪತ್ರೆಯನ್ನು ಬಿಟ್ಟು ನೇರವಾಗಿ ದೂರದ ದೊಡ್ಡ ಆಸ್ಪತ್ರೆಗೆ ಓಡುವುದು ಎಲ್ಲ ಸಂದರ್ಭಗಳಲ್ಲೂ ಜಾಣತನವಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಹದಿನೈದು–ಇಪ್ಪತ್ತು ನಿಮಿಷಗಳಲ್ಲಿ ಆಗಬಹುದಾದ ಕೆಲಸಗಳಿವೆ: ಆಮ್ಲಜನಕ ಕೊಡುವುದು, ಎರಡು ಅಗಲವಾದ ಸೂಜಿಗಳನ್ನು ರಕ್ತನಾಳಕ್ಕೆ ಹಾಕುವುದು, ಟ್ರಾನೆಕ್ಸಾಮಿಕ್ ಆಮ್ಲದ ಮೊದಲ ಒಂದು ಗ್ರಾಂ ಕೊಡುವುದು, ಸೊಂಟದ ಮೂಳೆ ಮುರಿದಿದ್ದರೆ ಬಟ್ಟೆಯಿಂದ ಬಿಗಿಯಾಗಿ ಕಟ್ಟುವುದು, ಎದೆಯಲ್ಲಿ ಗಾಳಿ ಅಥವಾ ರಕ್ತ ತುಂಬಿದ್ದರೆ ಕೊಳವೆ ಹಾಕುವುದು, ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ರಕ್ತವನ್ನೂ ಶಸ್ತ್ರಕ್ರಿಯೆಯ ಕೊಠಡಿಯನ್ನೂ ಸಿದ್ಧಗೊಳಿಸುವುದು. ಇಷ್ಟಾಗಿ ಹೊರಟ ರೋಗಿಗೂ, ಏನೂ ಆಗದೆ ಎರಡು ಗಂಟೆ ಪಯಣಿಸಿದ ರೋಗಿಗೂ ಅಜಗಜಾಂತರವಿದೆ.

ತಾಲೂಕು ಆಸ್ಪತ್ರೆಯ ವೈದ್ಯರ ಮುಂದಿರುವ ಪ್ರಶ್ನೆ ಸುಲಭದ್ದಲ್ಲ. ಶಸ್ತ್ರಚಿಕಿತ್ಸಕ, ಅರಿವಳಿಕೆ ತಜ್ಞ, ಸಾಕಷ್ಟು ರಕ್ತ ಈ ಮೂರೂ ಆ ಹೊತ್ತಿಗೆ ಒಟ್ಟಿಗಿದ್ದರೆ ಅಲ್ಲಿಯೇ ಹೊಟ್ಟೆ ತೆರೆದು ಸೋರಿಕೆಯನ್ನು ನಿಲ್ಲಿಸಬಹುದು. ಮೂರರಲ್ಲಿ ಒಂದಿಲ್ಲದಿದ್ದರೂ ಆರಂಭಿಸಿದ ಅರಿವಳಿಕೆಯೇ ಅಂತಿಮ ನಿದ್ದೆಯಾದೀತು. "ಮುಂದೆ ಕಳುಹಿಸುತ್ತೇವೆ" ಎಂಬ ಮಾತನ್ನು ಕೈಚೆಲ್ಲಿದ ಮಾತೆಂದು ಬಗೆದು ಕೋಪಗೊಳ್ಳುವ ಮುನ್ನ ಬಂಧುಗಳು ಇದನ್ನು ನೆನೆಯಬೇಕು. ಹಾಗೆಯೇ, ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ಮೂರೂ ರಾತ್ರಿ ಹೊತ್ತಿನಲ್ಲಿ ಲಭ್ಯವಿವೆಯೇ ಎಂದು ಶಾಂತವಾದ ದಿನಗಳಲ್ಲಿ ಕೇಳುವುದು ನಾಗರಿಕರ ಹಕ್ಕೂ ಹೌದು, ಕರ್ತವ್ಯವೂ ಹೌದು. ಕಟ್ಟಡ ಕಟ್ಟುವುದು ಸುಲಭ. ಒಬ್ಬರೇ ಅರಿವಳಿಕೆ ತಜ್ಞರಿದ್ದರೆ ಅವರು ಇಪ್ಪತ್ನಾಲ್ಕು ಗಂಟೆಯೂ ಎಚ್ಚರವಿರಲಾರರು.

ಶಸ್ತ್ರಕ್ರಿಯೆಯ ನಂತರ

ಕೆಲವೊಮ್ಮೆ ವೈದ್ಯರು ಹೊರಗೆ ಬಂದು, "ಹೊಟ್ಟೆಯೊಳಗೆ ಬಟ್ಟೆ ತುಂಬಿ ಹಾಗೆಯೇ ಬಿಟ್ಟಿದ್ದೇವೆ, ಒಂದೆರಡು ದಿನದ ನಂತರ ಮತ್ತೆ ತೆರೆಯುತ್ತೇವೆ" ಎನ್ನುತ್ತಾರೆ. ಬಂಧುಗಳಿಗೆ ಇದು ಆಘಾತದ ಸುದ್ದಿ. ಆದರೆ ತಣ್ಣಗಾದ, ಹೆಪ್ಪುಗಟ್ಟದ ದೇಹದಲ್ಲಿ ಗಂಟೆಗಟ್ಟಲೆ ದುರಸ್ತಿ ಮಾಡುತ್ತ ಕುಳಿತರೆ ರೋಗಿ ಉಳಿಯಲಾರ. ಸೋರಿಕೆಯನ್ನು ಮಾತ್ರ ತಡೆದು, ತೀವ್ರ ನಿಗಾ ಘಟಕದಲ್ಲಿ ಮೈ ಬೆಚ್ಚಗೆ ಮಾಡಿ, ರಕ್ತ ತುಂಬಿ, ಆಮೇಲೆ ಉಳಿದ ಕೆಲಸ ಮುಗಿಸುವುದು ಕಳೆದ ಮೂರು ದಶಕಗಳಲ್ಲಿ ಒಪ್ಪಿತವಾದ ಮಾರ್ಗ. ಆ ದಿನಗಳಲ್ಲಿ ರೋಗಿಯನ್ನು ಯಂತ್ರದ ಉಸಿರಾಟದಲ್ಲೇ ಮಲಗಿಸಿಡುವುದೂ ಚಿಕಿತ್ಸೆಯ ಅಂಗವೇ.

ಕಡಿಮೆ ಪ್ರಮಾಣದ ಅರಿವಳಿಕೆಯಿಂದಾಗಿ ಇಂಥ ರೋಗಿಗಳಲ್ಲಿ ಕೆಲವರಿಗೆ ಶಸ್ತ್ರಕ್ರಿಯೆಯ ನಡುವಿನ ಮಾತುಗಳು ಮಸುಕಾಗಿ ನೆನಪಿರುವುದುಂಟು. ಅದನ್ನು ಭ್ರಮೆಯೆಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸಬೇಕು. ಗುಲ್ಮದ ಎಲ್ಲ ಗಾಯಗಳಿಗೂ ಶಸ್ತ್ರಕ್ರಿಯೆ ಬೇಕಾಗದು. ಸ್ಥಿತಿ ಸ್ಥಿರವಾಗಿದ್ದರೆ ಆಸ್ಪತ್ರೆಯಲ್ಲೇ ಇರಿಸಿಕೊಂಡು ಕಾಯುತ್ತಾರೆ. ಹಾಗೆ ಕಾಯುವವರನ್ನು ಬಲವಂತವಾಗಿ ಮನೆಗೆ ಕರೆದೊಯ್ಯಬಾರದು. ಕೆಲವು ದಿನಗಳ ನಂತರ ಗುಲ್ಮ ಒಡೆದ ಉದಾಹರಣೆಗಳು ವೈದ್ಯಶಾಸ್ತ್ರದಲ್ಲಿ ಸಾಕಷ್ಟಿವೆ. ಗುಲ್ಮವನ್ನು ತೆಗೆದವರು ನ್ಯುಮೋಕಾಕಸ್ ಮೊದಲಾದ ರೋಗಾಣುಗಳ ವಿರುದ್ಧ ಲಸಿಕೆ ಪಡೆಯಬೇಕು. ಜೀವನಪರ್ಯಂತ ಜ್ವರವನ್ನು ಹಗುರವಾಗಿ ಕಾಣಬಾರದು.

ನಾವು ಮಾಡಬಹುದಾದುದು

ಬಿದ್ದವರನ್ನು ಕೈಕಾಲು ಹಿಡಿದು ಎತ್ತಬಾರದು. ಬೆನ್ನುಮೂಳೆ ನೇರವಾಗಿರುವಂತೆ ಹಲಗೆ ಅಥವಾ ಬಾಗಿಲಿನ ಮೇಲೆ ಮಲಗಿಸಿ, ನಾಲ್ಕಾರು ಜನ ಸೇರಿ ಎತ್ತಬೇಕು. ಹೊಟ್ಟೆಯನ್ನು ತಿಕ್ಕುವುದು, ಎಣ್ಣೆ ನೀವುವುದು, ನೋವಿನ ಮಾತ್ರೆ ನುಂಗಿಸುವುದು, ಮದ್ಯ ಕುಡಿಸುವುದು ಇವೆಲ್ಲ ಸಲ್ಲವು. ಬಿದ್ದ ಗಂಟೆಯನ್ನು ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಮೂರು ಗಂಟೆಯ ಎಣಿಕೆ ಅಲ್ಲಿಂದಲೇ ಆರಂಭ. ಕೊನೆಯದಾಗಿ ಊಟ ಮಾಡಿದ ಹೊತ್ತನ್ನೂ, ನಿತ್ಯ ಸೇವಿಸುವ ಮಾತ್ರೆಗಳನ್ನೂ ವೈದ್ಯರಿಗೆ ತಿಳಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆಗಳು ಸೋರಿಕೆಯನ್ನು ಹೆಚ್ಚಿಸುತ್ತವೆ. ರಕ್ತದೊತ್ತಡದ ಕೆಲವು ಮಾತ್ರೆಗಳು ನಾಡಿಬಡಿತ ಏರದಂತೆ ತಡೆದು ರೋಗಲಕ್ಷಣವನ್ನೇ ಮರೆಮಾಚುತ್ತವೆ.

ಕರ್ನಾಟಕದಲ್ಲಿ 108 ಆರೋಗ್ಯ ಕವಚ ಸೇವೆ 2008ರ ನವೆಂಬರ್ 1ರಿಂದ ಇದೆ. ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್, ಕೋರ್ಟು ಎಂದು ಅಲೆಯಬೇಕಾದೀತೆಂಬ ಭಯ ಬೇಡ. ನೆರವಾದವರಿಗೆ ರಕ್ಷಣೆ ನೀಡುವ ಅಂಶವನ್ನು 2019ರಲ್ಲಿ ಮೋಟಾರು ವಾಹನ ಕಾಯಿದೆಯಲ್ಲಿಯೇ ಸೇರಿಸಲಾಗಿದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿದೆ. ಮರದಿಂದ ಬಿದ್ದವರು ಇದರ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ, ತೋಟದ ಮಾಲೀಕರು ತಮ್ಮಲ್ಲಿ ದುಡಿಯುವ ಕೊನೆಗಾರರಿಗೆ ಅಪಘಾತ ವಿಮೆ ಮಾಡಿಸುವುದು ಧರ್ಮವೆನಿಸುತ್ತದೆ.

ಕೊನೆಯದಾಗಿ ರಕ್ತದ ಮಾತು. ಗಾಯಾಳು ಮೇಜಿನ ಮೇಲಿರುವಾಗ ಊರವರು ಜೀಪು ತುಂಬ ಬಂದು "ನನ್ನ ರಕ್ತ ತೆಗೆದುಕೊಳ್ಳಿ" ಎನ್ನುವುದು ಮನಕರಗಿಸುವ ದೃಶ್ಯ. ಆದರೆ ಆಗ ಕೊಟ್ಟ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳಿಗೆ ಒಳಪಡಿಸಿ, ಹೊಂದಾಣಿಕೆ ನೋಡಿ ಕೊಡುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆ ಮೊದಲ ಗಂಟೆಯಲ್ಲಿ ಗಾಯಾಳುವಿನ ಪ್ರಾಣ ಉಳಿಸುವುದು, ಹಿಂದಿನ ವಾರವೋ ಹಿಂದಿನ ತಿಂಗಳೋ ಹೆಸರು ತಿಳಿಯದ ಯಾರೋ ಕೊಟ್ಟು ಹೋದ ರಕ್ತ. 18ರಿಂದ 65ರ ವಯಸ್ಸಿನ, 45 ಕಿಲೋ ತೂಕಕ್ಕೆ ಕಡಿಮೆಯಿಲ್ಲದ, ಹಿಮೋಗ್ಲೋಬಿನ್ 12.5 ಇರುವ ಆರೋಗ್ಯವಂತ ಪುರುಷರು ಮೂರು ತಿಂಗಳಿಗೊಮ್ಮೆ, ಮಹಿಳೆಯರು ನಾಲ್ಕು ತಿಂಗಳಿಗೊಮ್ಮೆ ರಕ್ತದಾನ ಮಾಡಬಹುದು. ಕೆಂಪುಕಣಗಳು ಶೀತಲ ಪೆಟ್ಟಿಗೆಯಲ್ಲಿ ಐದಾರು ವಾರಗಳಷ್ಟೇ ಬಾಳುವುದರಿಂದ, ವರ್ಷಕ್ಕೊಮ್ಮೆ ಜಾತ್ರೆಯ ದಿನ ನಡೆಸುವ ಒಂದು ದೊಡ್ಡ ಶಿಬಿರಕ್ಕಿಂತ, ವರ್ಷದುದ್ದಕ್ಕೂ ಸರದಿಯಂತೆ ನಡೆಯುವ ಸಣ್ಣ ಶಿಬಿರಗಳು ಹೆಚ್ಚು ಉಪಕಾರಿ. ಮಳೆಗಾಲದ ಮದ್ದು ಹೊಡೆಯುವ ತಿಂಗಳಲ್ಲಿ, ಕೊನೆಕೊಯ್ಲಿನ ತಿಂಗಳಲ್ಲಿ ಈ ಸರದಿ ತಪ್ಪದಂತೆ ನೋಡಿಕೊಳ್ಳಬೇಕು.

ಅನ್ನದ ದಾಸೋಹ ನಮ್ಮ ನಾಡಿಗೆ ಹೊಸದಲ್ಲ. ಉಣ್ಣುವವನು ಯಾರೆಂದು ಕೇಳದೆ ಬಡಿಸುವುದು ಅದರ ನಿಯಮ. ರಕ್ತನಿಧಿಯ ಪೆಟ್ಟಿಗೆಯಲ್ಲಿ ಮೊದಲೇ ಇರಿಸಿದ ಒಂದು ಚೀಲ ರಕ್ತವೂ ಅದೇ ನಿಯಮಕ್ಕೆ ಸೇರಿದ್ದು. ಅದು ಅಲ್ಲಿದ್ದರೆ ಮಾತ್ರ ಅರಿವಳಿಕೆ ತಜ್ಞರು ಧೈರ್ಯದಿಂದ ರೋಗಿಯನ್ನು ಮಲಗಿಸಬಲ್ಲರು, ಮತ್ತೆ ಎಬ್ಬಿಸಬಲ್ಲರು.